ಸೇರ್ಪಡೆಯೇ, ಒಳಗೊಳ್ಳುವಿಕೆಯೇ? ಮಲೆನಾಡಿನ ಮೂರು ಪೇಟೆಗಳಿಂದ ನಮ್ಮ ದೈವಶಾಸ್ತ್ರ ಪಠ್ಯಕ್ರಮದ ವಿಮರ್ಶೆ

ವೈವಿಧ್ಯ, ಸಮತೆ, ಒಳಗೊಳ್ಳುವಿಕೆ ಎಂಬ ಮೂರು ಪದಗಳು ಉನ್ನತ ಶಿಕ್ಷಣದ ಚರ್ಚೆಗಳಲ್ಲಿ ಈಗ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಗುರುಮಠಗಳ ವಿದ್ಯಾಸಮಿತಿಗಳಲ್ಲೂ ಅವು ಪ್ರವೇಶ ಪಡೆದಿವೆ. ಇವು ಪರದೇಶದ ವಿಶ್ವವಿದ್ಯಾಲಯಗಳಿಂದ ಬಂದ ಸರಕು ಎಂದು ಕೆಲವರು ಮೂಗು ಮುರಿಯುತ್ತಾರೆ. ಮತ್ತೆ ಕೆಲವರು ಪಠ್ಯಕ್ರಮದ ಕೊನೆಯಲ್ಲಿ ಒಂದೆರಡು ಐಚ್ಛಿಕ ವಿಷಯಗಳನ್ನು ಜೋಡಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಈ ಎರಡು ನಿಲುವುಗಳೂ ಒಂದೇ ತಪ್ಪುಗ್ರಹಿಕೆಯ ಎರಡು ಮುಖಗಳು ಎಂಬುದು ನಮ್ಮ ವಾದ. ಸೇರಿಸುವುದು ಬೇರೆ, ಒಳಗೊಳ್ಳುವುದು ಬೇರೆ. ಸೇರಿಸಿದಾಗ ಮನೆ ಹಾಗೆಯೇ ಉಳಿದು ಜಗುಲಿಯಲ್ಲಿ ಒಂದು ಮಣೆ ಹೆಚ್ಚಾಗುತ್ತದೆ. ಒಳಗೊಂಡಾಗ ಒಳಮನೆಯ ವ್ಯವಸ್ಥೆಯೇ ಬದಲಾಗಬೇಕಾಗುತ್ತದೆ.

ಈ ವಾದವನ್ನು ಅಮೂರ್ತವಾಗಿ ಬೆಳೆಸುವುದಕ್ಕಿಂತ ಒಂದು ನಿರ್ದಿಷ್ಟ ನೆಲದಲ್ಲಿ ಪರೀಕ್ಷಿಸುವುದು ಲೇಸು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ಮಲೆನಾಡು ತಾಲೂಕುಗಳನ್ನು ಅದಕ್ಕಾಗಿ ಆರಿಸಿಕೊಂಡಿದ್ದೇವೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಇಂಥ ಪೇಟೆಗಳ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವವರು. ಆ ಪೇಟೆಗಳ ಬೀದಿಯಲ್ಲಿ ನಿಂತು ನಮ್ಮ ಪಠ್ಯಕ್ರಮವನ್ನು ಓದಿದರೆ ಅದು ಹೇಗೆ ಕಾಣುತ್ತದೆ? ಪ್ರಶ್ನೆ ಇಷ್ಟೆ.

ಒಂದೇ ದಿನದ ಮೂರು ದಾಖಲೆಗಳು

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಘೋಷಿಸಿದ ದಾಖಲೆಗಳಲ್ಲಿ ಮೂರು ನಮಗೆ ಇಲ್ಲಿ ಮುಖ್ಯ. ಯಾಜಕ ತರಬೇತಿಯನ್ನು ಕುರಿತ ‘ಒಪ್ತಾತಮ್ ತೋತಿಯುಸ್’, ಕ್ರೈಸ್ತ ಶಿಕ್ಷಣವನ್ನು ಕುರಿತ ‘ಗ್ರಾವಿಸ್ಸಿಮುಮ್ ಎಡುಕಾತ್ಸಿಯೋನಿಸ್’, ಇತರ ಧರ್ಮಗಳೊಡನೆ ಧರ್ಮಸಭೆಯ ಸಂಬಂಧವನ್ನು ಕುರಿತ ‘ನೋಸ್ತ್ರಾ ಎತಾತೆ’ ಇವೇ ಆ ಮೂರು. ಒಂದೇ ದಿನ ಹುಟ್ಟಿದ ಈ ಸಹೋದರ ದಾಖಲೆಗಳನ್ನು ನಾವು ಬೇರೆ ಬೇರೆ ಕೊಠಡಿಗಳಲ್ಲಿ ಇಟ್ಟು ಬೆಳೆಸಿದ್ದೇವೆ. ಮೊದಲನೆಯದು ಗುರುಮಠದ ಮುಖ್ಯಸ್ಥರ ಮೇಜಿನ ಮೇಲಿದೆ, ಎರಡನೆಯದು ಶಾಲಾ ಕಾಲೇಜುಗಳ ಆಡಳಿತದವರ ಬಳಿ ಇದೆ, ಮೂರನೆಯದು ಸಂವಾದ ಆಯೋಗದ ಕಡತದಲ್ಲಿದೆ. ‘ಒಪ್ತಾತಮ್ ತೋತಿಯುಸ್’ನ 16ನೆಯ ಪರಿಚ್ಛೇದವು ಆಯಾ ಪ್ರದೇಶದಲ್ಲಿ ಹೆಚ್ಚು ಪ್ರಚಲಿತವಾದ ಇತರ ಧರ್ಮಗಳ ಅರಿವನ್ನು ವಿದ್ಯಾರ್ಥಿಗಳಿಗೆ ನೀಡಬೇಕೆಂದು ಸೂಚಿಸುತ್ತದೆ. ಅದೇ ವರ್ಷದ ಡಿಸೆಂಬರ್ 7ರ ‘ಆದ್ ಜೆಂತೆಸ್’ ಇನ್ನೂ ಮುಂದೆ ಹೋಗಿ, ಪ್ರತಿಯೊಂದು ಸಾಂಸ್ಕೃತಿಕ ವಲಯದಲ್ಲೂ ದೈವಶಾಸ್ತ್ರದ ಚಿಂತನೆ ಹೊಸದಾಗಿ ನಡೆಯಬೇಕೆಂದು ಬಯಸುತ್ತದೆ. ಆದ್ದರಿಂದ ವೈವಿಧ್ಯದ ಬೇಡಿಕೆ ನಮಗೆ ಹೊರಗಿನಿಂದ ಬಂದದ್ದಲ್ಲ. ನಮ್ಮದೇ ಮಹಾಸಭೆ ಅದನ್ನು ಅರವತ್ತು ವರ್ಷಗಳ ಹಿಂದೆ ಮುಂದಿಟ್ಟಿತು.

ಹಾಗಿದ್ದರೂ ಪಠ್ಯಕ್ರಮಗಳು ಸಾಮಾನ್ಯವಾಗಿ ಹೇಗಿವೆ? ನಡುವೆ ಕ್ರಿಸ್ತಶಾಸ್ತ್ರ, ತ್ರಿತ್ವ, ಕೃಪೆ, ಸಂಸ್ಕಾರಗಳು. ಅಂಚಿನಲ್ಲಿ ದಲಿತ ದೈವಶಾಸ್ತ್ರ, ಸ್ತ್ರೀವಾದಿ ದೈವಶಾಸ್ತ್ರ, ಆದಿವಾಸಿ ದೈವಶಾಸ್ತ್ರ, ‘ಧರ್ಮಗಳ ಪರಿಚಯ’. ನಡುವಿನದು ವಿಶೇಷಣವಿಲ್ಲದ ದೈವಶಾಸ್ತ್ರ, ಅಂಚಿನದೆಲ್ಲ ವಿಶೇಷಣ ಹೊತ್ತ ದೈವಶಾಸ್ತ್ರ. ಅರವಿಂದ್ ಪಿ. ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೈವಶಾಸ್ತ್ರದ ಕಡೆಗೆ ಕರೆ ನೀಡಿ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಇತಿಹಾಸವನ್ನು ಆರಂಭಿಸುವುದು ವಾಡಿಕೆ. ಆ ಭಾಷಣ ಕ್ರಿಸ್ತಶಾಸ್ತ್ರಕ್ಕೇ ಹಾಕಿದ ಸವಾಲಾಗಿತ್ತು. ಅದನ್ನು ಒಂದು ಐಚ್ಛಿಕ ವಿಷಯವಾಗಿ ಓದಿಸಿದ ಕೂಡಲೇ ಸವಾಲು ಮಾಹಿತಿಯಾಗಿ ಇಳಿದುಹೋಗುತ್ತದೆ. ಕ್ರಿಸ್ತಶಾಸ್ತ್ರದ ಅಧ್ಯಾಪಕರು ಅದಕ್ಕೆ ಉತ್ತರ ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ.

ನರಸಿಂಹರಾಜಪುರ: ಯಾವ ಭಾಷೆಯಲ್ಲಿ?

ಹಿಂದೆ ಎಡೇಹಳ್ಳಿ ಎಂದು ಕರೆಯಿಸಿಕೊಳ್ಳುತ್ತಿದ್ದ ನರಸಿಂಹರಾಜಪುರದ ಸುತ್ತಿನ ಕ್ರೈಸ್ತ ಸಮುದಾಯಗಳನ್ನು ನೋಡಿ. ಕೇರಳದಿಂದ ಬಂದು ಭೂಮಿ ಹದಮಾಡಿ ರಬ್ಬರು, ಮೆಣಸು ಬೆಳೆದ ಸಿರಿಯನ್ ಕ್ರೈಸ್ತರು, ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ ಮಾತನಾಡುವ ಕಥೋಲಿಕರು, ತೋಟದ ಲೈನುಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳು, ಕನ್ನಡವೇ ಮನೆಮಾತಾದವರು. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯ ಲತೀನ್ ಸಂಪ್ರದಾಯದ್ದು, 2007ರಲ್ಲಿ ರೂಪುಗೊಂಡ ಭದ್ರಾವತಿ ಧರ್ಮಪ್ರಾಂತ್ಯ ಸಿರೋ ಮಲಬಾರ್ ಸಂಪ್ರದಾಯದ್ದು. ಒಂದೇ ಪೇಟೆಯ ವಿಶ್ವಾಸಿಗಳು ಎರಡು ಪೂಜಾಪದ್ಧತಿಗಳಲ್ಲಿ, ನಾಲ್ಕು ಭಾಷೆಗಳಲ್ಲಿ ಒಬ್ಬನೇ ದೇವರನ್ನು ಕರೆಯುತ್ತಾರೆ. ವೈವಿಧ್ಯ ಇಲ್ಲಿ ಗುರಿಯಲ್ಲ, ದಿನನಿತ್ಯದ ಸ್ಥಿತಿ.

ಇಂಥ ಲೈನುಮನೆಯ ಹುಡುಗನೊಬ್ಬ ಗುರುಮಠ ಸೇರುತ್ತಾನೆಂದು ಭಾವಿಸೋಣ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ದೇವಾಲಯದ ಹಾಡುಗಳಲ್ಲಿ ಕನ್ನಡದೊಂದಿಗೆ ಒಂದಿಷ್ಟು ಕೊಂಕಣಿ ಕಲಿತವನು ದೈವಶಾಸ್ತ್ರವನ್ನು ಓದುವುದು ಮಾತ್ರ ಇಂಗ್ಲಿಷಿನಲ್ಲಿ. ಅದೇ ತರಗತಿಯಲ್ಲಿ ನಗರದ ಇಂಗ್ಲಿಷ್ ಮಾಧ್ಯಮದಿಂದ ಬಂದವನೂ ಕುಳಿತಿದ್ದಾನೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೂರು ಗಂಟೆ. ಇದು ಸಮಾನತೆ, ಸಮತೆ ಅಲ್ಲ. ಮೊದಲನೆಯವನ ಉತ್ತರದಲ್ಲಿ ವ್ಯಾಕರಣ ಎಡವಿದಾಗ ನಾವು ಕಳೆಯುವ ಅಂಕ ಯಾವುದರ ಅಳತೆ? ಅವನ ವಿಶ್ವಾಸದ ಗ್ರಹಿಕೆಯದೇ, ಅವನ ತಂದೆಯ ಕೂಲಿಯದೇ? ಇನ್ನೂ ವಿಚಿತ್ರವೆಂದರೆ, ಅವನು ಮುಂದೆ ಪ್ರಬೋಧಿಸಬೇಕಾದ ಭಾಷೆ ಕನ್ನಡ. ಅವನಿಗೆ ನಿಜವಾಗಿ ಬೇಕಾಗುವ ಸಾಮರ್ಥ್ಯ ಅವನಲ್ಲಿ ಮೊದಲೇ ಇದೆ, ಅದನ್ನು ಅಳೆಯುವ ಪರೀಕ್ಷೆ ಮಾತ್ರ ನಮ್ಮಲ್ಲಿಲ್ಲ.

ಸಮತೆಯ ಪ್ರಶ್ನೆಗೆ ಪವಿತ್ರ ಗ್ರಂಥದಲ್ಲಿ ಸಿಗುವ ಅತ್ಯಂತ ಪ್ರಾಯೋಗಿಕ ಉತ್ತರ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿದೆ (6:1-6). ಗ್ರೀಕ್ ಮಾತನಾಡುವ ವಿಧವೆಯರು ದಿನನಿತ್ಯದ ಹಂಚಿಕೆಯಲ್ಲಿ ಕಡೆಗಣಿತರಾದರೆಂಬ ದೂರು ಬಂತು. ಪ್ರೇಷಿತರು ದೂರನ್ನು ಅಲ್ಲಗಳೆಯಲಿಲ್ಲ, ವಿಧವೆಯರಿಗೆ ಬೇರೊಂದು ಪಂಕ್ತಿಯನ್ನೂ ಹಾಕಿಸಲಿಲ್ಲ. ಹಂಚುವ ಅಧಿಕಾರವನ್ನೇ ಏಳು ಮಂದಿಗೆ ಒಪ್ಪಿಸಿದರು. ಲೂಕನು ಕೊಡುವ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು ಎಂಬುದನ್ನು ವ್ಯಾಖ್ಯಾನಕಾರರು ಗಮನಿಸಿದ್ದಾರೆ. ಅಂದರೆ ಅನ್ಯಾಯಕ್ಕೆ ಒಳಗಾದ ಭಾಷಾಸಮುದಾಯದ ಕೈಗೇ ಬಡಿಸುವ ಸೌಟು ಬಂತು. ನಮ್ಮ ಪಠ್ಯಕ್ರಮ ರೂಪಿಸುವ ಸಮಿತಿಗಳಲ್ಲಿ ಸೌಟು ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ದಲಿತ ಮೂಲದ ಅಧ್ಯಾಪಕರು, ಧರ್ಮಭಗಿನಿಯರು, ಶ್ರೀಸಾಮಾನ್ಯ ಮಹಿಳೆಯರು ಅಲ್ಲಿ ಎಷ್ಟು ಮಂದಿ? ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯು ಧರ್ಮಸಭೆಯೊಳಗೇ ಜಾತಿ ತಾರತಮ್ಯ ಉಂಟೆಂದು ಒಪ್ಪಿಕೊಂಡಿದೆ. ರಾಷ್ಟ್ರಪತಿಗಳ 1950ರ ಆದೇಶದ ಪ್ರಕಾರ ದಲಿತ ಕ್ರೈಸ್ತನು ಪರಿಶಿಷ್ಟ ಜಾತಿಯ ಸೌಲಭ್ಯಗಳಿಂದ ಹೊರಗುಳಿದಿದ್ದಾನೆ. ರಾಜ್ಯ ಮಾಡಿದ ಆ ಅನ್ಯಾಯದ ವಿರುದ್ಧ ಮಾತನಾಡುವ ನಾವು, ನಮ್ಮ ತರಗತಿಯಲ್ಲಿ ಅದಕ್ಕೆ ಪರಿಹಾರವೇನೆಂದೂ ಯೋಚಿಸಬೇಕು.

ಶೃಂಗೇರಿ: ಸಾಲದ ಪದಗಳು, ಅರ್ಧದ ನೆನಪುಗಳು

ಕನ್ನಡ ಕಥೋಲಿಕರ ಧಾರ್ಮಿಕ ಪದಕೋಶವೊಂದನ್ನು ತೆರೆದರೆ ಸಾಕು, ನಾವು ಎಷ್ಟು ಮನೆಗಳ ಋಣಿಗಳು ಎಂಬುದು ತಿಳಿಯುತ್ತದೆ. ಯಾಜಕರನ್ನು ರೂಪಿಸುವ ಮನೆ ‘ಗುರುಮಠ’, ವಿಶ್ವಾಸದ ಬಾಗಿಲು ‘ದೀಕ್ಷಾಸ್ನಾನ’, ಪೂಜೆಯಲ್ಲಿ ಸ್ವೀಕರಿಸುವುದು ‘ಪರಮಪ್ರಸಾದ’, ಪಾಸ್ಖದ ಸಿದ್ಧತೆ ‘ತಪಸ್ಸುಕಾಲ’, ರೋಮಿನ ಧರ್ಮಾಧ್ಯಕ್ಷರು ‘ಜಗದ್ಗುರು’. ಈ ಪದಗಳ ತವರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಜಗದ್ಗುರು ಪೀಠ ತುಂಗೆಯ ದಡದ ಶೃಂಗೇರಿಯಲ್ಲಿದೆ. ಗುರು, ಪ್ರಸಾದ, ವಿಭೂತಿಗಳನ್ನು ಅಷ್ಟಾವರಣದಲ್ಲಿ ಎಣಿಸುವ ವೀರಶೈವ ಪರಂಪರೆಯ ರಂಭಾಪುರಿ ಪೀಠ ನರಸಿಂಹರಾಜಪುರ ತಾಲೂಕಿನ ಬಾಳೆಹೊನ್ನೂರಿನಲ್ಲಿದೆ. ತಪಸ್ಸನ್ನೇ ಬದುಕಾಗಿಸಿಕೊಂಡ ಜೈನಪರಂಪರೆಯ ಬಸದಿ ಅದೇ ತಾಲೂಕಿನ ಸಿಂಹನಗದ್ದೆಯಲ್ಲಿದೆ. ಶೃಂಗೇರಿ ಪೇಟೆಯೊಳಗೇ ಪಾರ್ಶ್ವನಾಥ ಬಸದಿಯೂ ಉಂಟು. ‘ಪ್ರಸಾದ’ ಎಂಬ ಪದ ವಚನಕಾರರ ಬಾಯಲ್ಲಿ ಯಾವ ಭಾರ ಹೊತ್ತಿತ್ತು ಎಂಬುದನ್ನು ತಿಳಿಯದೆ ಕನ್ನಡದಲ್ಲಿ ಪರಮಪ್ರಸಾದದ ದೈವಶಾಸ್ತ್ರವನ್ನು ಬೋಧಿಸುವುದು ಹೇಗೆ? ಇದು ‘ಧರ್ಮಗಳ ಪರಿಚಯ’ ಎಂಬ ಪತ್ರಿಕೆಗೆ ಸೇರಿದ ವಿಷಯವಲ್ಲ, ಸಂಸ್ಕಾರಗಳ ಪತ್ರಿಕೆಗೆ ಸೇರಿದ್ದು.

ಹಳಬರು ಇದನ್ನು ಅರಿತಿದ್ದರು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಕೊಟ್ಟರು. ಅವರಿಗೆ ಛಂದಸ್ಸು ಐಚ್ಛಿಕ ವಿಷಯವಾಗಿರಲಿಲ್ಲ. ಘಟ್ಟದ ಕೆಳಗಿನ ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿ, 1971ರಿಂದ ಜಿನೀವಾದ ಜಾಗತಿಕ ಸಭಾಮಂಡಳಿಯಲ್ಲಿ ಧರ್ಮಸಂವಾದದ ವಿಭಾಗವನ್ನು ಕಟ್ಟಿದರು. ಲೋಕಕ್ಕೆ ಸಂವಾದ ಕಲಿಸಿದವರು ನಮ್ಮ ನೆರೆಯವರು.

ಶೃಂಗೇರಿ ನಮ್ಮ ಮುಂದಿಡುವ ಎರಡನೆಯ ಪಾಠ ಇನ್ನೂ ಕಷ್ಟದ್ದು. ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳ ಕಟ್ಟೊಂದನ್ನು ಬೆಳಕಿಗೆ ತಂದರು. 1791ರಲ್ಲಿ ಮರಾಠಾ ಪಡೆಯ ದಾಳಿಗೆ ಸಿಕ್ಕು ಮಠ ಸೂರೆಯಾದಾಗ ಸುಲ್ತಾನನು ಸ್ವಾಮಿಗಳಿಗೆ ಗೌರವದಿಂದ ಬರೆದು, ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳುಹಿಸಿದ ಸಂಗತಿ ಅವುಗಳಿಂದ ತಿಳಿಯಿತು. ಕರಾವಳಿಯ ಕಥೋಲಿಕರ ನೆನಪಿನಲ್ಲಿರುವ ಟಿಪ್ಪು ಬೇರೆ. 1784ರಲ್ಲಿ ಅವರು ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು, ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು, ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಧರ್ಮಸಭೆಯ ಇತಿಹಾಸ ಪತ್ರಿಕೆಯಲ್ಲಿ ಎರಡನೆಯ ನೆನಪಿಗೆ ಸ್ಥಾನವಿದೆ, ಇರಲೇಬೇಕು. ಮೊದಲನೆಯದಕ್ಕೆ ಇದೆಯೇ? ಎರಡನ್ನೂ ಒಂದೇ ಮೇಜಿನ ಮೇಲಿಟ್ಟರೆ ನಮ್ಮ ಹಿರಿಯರ ನೋವು ಕಿರಿದಾಗುವುದಿಲ್ಲ. ಆದರೆ ಒಬ್ಬ ಅರಸನ ಕೈಯಿಂದ ಒಂದು ಸಮುದಾಯಕ್ಕೆ ಬಂದ ಗಾಯ, ಇನ್ನೊಂದು ಸಮುದಾಯಕ್ಕೆ ಬಂದ ಆಸರೆ ಎರಡೂ ನಿಜವಾಗಿರಬಹುದೆಂಬ ಅರಿವಿಗೆ ವಿದ್ಯಾರ್ಥಿ ಬರುತ್ತಾನೆ. ಗಾಯಗಳ ಪಟ್ಟಿಯನ್ನು ಮಾತ್ರ ಹಿಡಿದು ಪೇಟೆಗೆ ಹೋಗುವ ಯಾಜಕನಿಗಿಂತ, ಪಕ್ಕದ ಮನೆಯವರ ನೆನಪೂ ತಿಳಿದ ಯಾಜಕನು ಶಾಂತಿಗೆ ಹೆಚ್ಚು ಉಪಯುಕ್ತ.

ಕೊಪ್ಪ: ನಮ್ಮನ್ನು ವಿಮರ್ಶಿಸುವ ಪಠ್ಯ

ಒಳಗೊಳ್ಳುವಿಕೆಯ ನಿಜವಾದ ಒರೆಗಲ್ಲು ನಮ್ಮನ್ನು ಹೊಗಳದ ಪಠ್ಯ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೌಢಶಾಲೆಯಲ್ಲಿ ಓದಿದವರು. ಕ್ರೈಸ್ತ ಸಂಸ್ಥೆಯ ಉಪಕಾರವನ್ನೂ ಮಿತಿಯನ್ನೂ ಒಳಗಿನಿಂದ ಕಂಡವರು. 1967ರಲ್ಲಿ ಪ್ರಕಟವಾದ ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುತ್ತದೆ. ಅಲ್ಲಿ ಪಾದ್ರಿ ಜೀವರತ್ನಯ್ಯ ಬರುತ್ತಾನೆ, ಅವನ ಸೆಳೆತಕ್ಕೆ ಸಿಕ್ಕ ಗೌಡರ ಮಗ ದೇವಯ್ಯ ಬರುತ್ತಾನೆ, ಮಲೆಗೆ ಹೊಸದಾದ ಬೈಸಿಕಲ್ಲೂ ಬರುತ್ತದೆ.

ಆ ಪಾದ್ರಿ ಪ್ರಾಟೆಸ್ಟಂಟ್ ಮಿಷನ್ನಿನವನು, ನಮಗೂ ಅವನಿಗೂ ಸಂಬಂಧವಿಲ್ಲ ಎಂದು ಕಥೋಲಿಕ ವಿದ್ಯಾರ್ಥಿ ಜಾರಿಕೊಳ್ಳಬಹುದು. ಇದು ತೀರ ಸುಲಭದ ದಾರಿ. ಕಾದಂಬರಿಯ ಪ್ರಶ್ನೆ ಪಂಗಡದ್ದಲ್ಲ. ದೇವಯ್ಯನನ್ನು ಸೆಳೆಯುವುದರಲ್ಲಿ ಕ್ರಿಸ್ತನ ಪಾಲೆಷ್ಟು, ಹೊಸ ಕಾಲದ ಪಾಲೆಷ್ಟು ಎಂದು ಅದು ಕೇಳುತ್ತದೆ. ಮತಾಂತರದ ಪ್ರಸಂಗವೆಲ್ಲ ಭೂಮಿಯುಳ್ಳ ಮನೆಯ ಮಗನ ಸುತ್ತ ಸುತ್ತುತ್ತಿರುವಾಗ, ನಾಯಿಗುತ್ತಿಯಂಥ ಹೊಲೆಯರ ಆಳು ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ತನ್ನ ಬದುಕನ್ನು ತಾನೇ ಹುಡುಕಿಕೊಳ್ಳುತ್ತಾನೆ. ಶುಭಸಂದೇಶ ಮೊದಲು ತಲುಪಬೇಕಾಗಿದ್ದ ಮನುಷ್ಯ ಯಾರು? ಸುವಾರ್ತಾಪ್ರಸಾರ ಶಾಸ್ತ್ರದ ತರಗತಿಯಲ್ಲಿ ಇದಕ್ಕಿಂತ ಹರಿತವಾದ ಪ್ರಶ್ನೆ ಸಿಗಲಾರದು.

ಕೃತಿಯ ಮುಂದೆ ನಾವು ಕೈಕಟ್ಟಿ ನಿಲ್ಲಬೇಕಾಗಿಯೂ ಇಲ್ಲ. ಗುತ್ತಿ, ತಿಮ್ಮಿ, ಐತ, ಪೀಂಚಲು ಇವರೆಲ್ಲರ ಒಳಬದುಕಿಗೆ ಇಳಿಯುವ ಕುವೆಂಪು ಪ್ರತಿಭೆ, ಕ್ರೈಸ್ತ ವಿಶ್ವಾಸವನ್ನು ಬಹುಮಟ್ಟಿಗೆ ಹೊರಗಿನಿಂದಲೇ ನೋಡುತ್ತದೆ. ಪಾದ್ರಿಯ ತಂತ್ರ ನಮಗೆ ಕಾಣುತ್ತದೆ, ಪಾದ್ರಿಯ ಪ್ರಾರ್ಥನೆ ಕಾಣುವುದಿಲ್ಲ. ಅವನೂ ಏಕಾಂತದಲ್ಲಿ ಮಂಡಿಯೂರಿದ ಮನುಷ್ಯನಾಗಿದ್ದಿರಬಹುದೆಂಬ ಕುತೂಹಲ ಆ ಮಹಾಕೃತಿಗೆ ಹೆಚ್ಚಾಗಿಲ್ಲ. ಈ ಮಾತನ್ನು ನಾವು ಧೈರ್ಯವಾಗಿ ಹೇಳಬಹುದು, ಹೇಳಬೇಕು. ಆದರೆ ಹೇಳುವ ಅರ್ಹತೆ ಬರುವುದು ಕೃತಿಯನ್ನು ಪೂರ್ತಿ ಓದಿದ ಮೇಲೆ. ಓದದೆ ಮನನೊಂದುಕೊಳ್ಳುವವನಿಗೂ, ಓದದೆ ಮೆಚ್ಚುವವನಿಗೂ ವಿಮರ್ಶೆಯ ಹಕ್ಕಿಲ್ಲ. ಒಳಗೊಳ್ಳುವುದೆಂದರೆ ಎಲ್ಲಕ್ಕೂ ತಲೆದೂಗುವುದಲ್ಲ. ನಮ್ಮನ್ನು ಪ್ರಶ್ನಿಸುವವನಿಗೆ ಮಾತು ಮುಗಿಸಲು ಬಿಟ್ಟು, ಆಮೇಲೆ ಉತ್ತರ ಹೇಳುವುದು.

ಬಾಳಗಡಿಯ ಪ್ರಶ್ನೆ

ಅದೇ ಕೊಪ್ಪ ತಾಲೂಕಿನ ಬಾಳಗಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜು 2022ರ ಜನವರಿಯಲ್ಲಿ ಸುದ್ದಿಯಾಯಿತು. ಸಹಪಾಠಿ ಮುಸ್ಲಿಂ ಹೆಣ್ಣುಮಕ್ಕಳ ಹಿಜಾಬನ್ನು ವಿರೋಧಿಸಿ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಹೊದ್ದು ತರಗತಿಗೆ ಬಂದರು. ಉಡುಪಿಯಲ್ಲೂ ಬೇರೆಡೆಗಳಲ್ಲೂ ಎದ್ದ ವಿವಾದದೊಡನೆ ಇದೂ ಕೂಡಿಕೊಂಡಿತು. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಹೊರಟಿತು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತ ನಿರ್ಬಂಧವನ್ನು ಸಮರ್ಥಿಸಿದರು; ನ್ಯಾಯಮೂರ್ತಿ ಸುಧಾಂಶು ಧುಲಿಯಾ ಹೆಣ್ಣುಮಗಳ ಓದಿಗೇ ಆದ್ಯತೆ ಕೊಟ್ಟು ಅದನ್ನು ತಳ್ಳಿಹಾಕಿದರು.

ತೀರ್ಪುಗಳ ನ್ಯಾಯವನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಅದೇ 2022ರಲ್ಲಿ ರಾಜ್ಯದ ಮತಾಂತರ ನಿಯಂತ್ರಣ ಕಾಯಿದೆ ಬಂದಾಗ ಕ್ರೈಸ್ತರು ಸಂವಿಧಾನದ 25ನೆಯ ವಿಧಿಯನ್ನು ಒಕ್ಕೊರಲಿನಿಂದ ನೆನಪಿಸಿದರು. ನಮ್ಮ ಸಂಸ್ಥೆಗಳ ಆಡಳಿತದ ಪ್ರಶ್ನೆ ಬಂದಾಗಲೆಲ್ಲ 30ನೆಯ ವಿಧಿಯನ್ನೂ, ಕರ್ನಾಟಕದಿಂದಲೇ ಹೊರಟು 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠದಲ್ಲಿ ತೀರ್ಮಾನವಾದ ಟಿ.ಎಂ.ಎ. ಪೈ ಪ್ರಕರಣವನ್ನೂ ಉಲ್ಲೇಖಿಸುತ್ತೇವೆ. ಹಕ್ಕುಗಳ ಈ ಭಾಷೆಯನ್ನು ವಿದ್ಯಾರ್ಥಿಗಳಿಗೆ ಕಲಿಸುವಾಗ ಅದು ನಮ್ಮ ಕೋಟೆಯ ಗೋಡೆಯಾಗಿ ಮಾತ್ರ ಕಾಣುತ್ತದೆಯೇ, ಬಾಳಗಡಿಯ ಹುಡುಗಿಗೂ ಸಲ್ಲುವ ನೆರಳಾಗಿ ಕಾಣುತ್ತದೆಯೇ? ನಾಳೆ ಇಂಥ ವಿವಾದ ಎದ್ದಾಗ ಪೇಟೆಯ ಯಾಜಕನ ಬಳಿಗೆ ಎರಡೂ ಕಡೆಯ ತಂದೆತಾಯಿಯರು ಬರಬಹುದು. ಅವರಲ್ಲಿ ಕೆಲವರ ಮಕ್ಕಳು ಅವನದೇ ಶಾಲೆಯಲ್ಲಿ ಓದಿದವರು. 2024ರಲ್ಲಿ ಧರ್ಮಾಧ್ಯಕ್ಷರ ಮಂಡಳಿಯು ಕಥೋಲಿಕ ಶಾಲೆಗಳಿಗೆ ಮಾರ್ಗಸೂಚಿ ನೀಡಿ, ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದೆಂದೂ ಸಂವಿಧಾನದ ಪ್ರಸ್ತಾವನೆಯನ್ನು ದಿನವೂ ಓದಿಸಬೇಕೆಂದೂ ಹೇಳಿತು. ಸೂಚನೆ ಒಳ್ಳೆಯದು. ಆದರೆ ಶಾಲೆಯ ಮಕ್ಕಳಿಗೆ ಪ್ರಸ್ತಾವನೆಯನ್ನು ಓದಿಸಬೇಕಾದ ಯಾಜಕನಿಗೆ ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಸಂವಿಧಾನ ಎಷ್ಟು ಗಂಟೆ ಸಿಕ್ಕಿದೆ?

ಆಕ್ಷೇಪಗಳು, ಸಲಹೆಗಳು

ಒಂದು ಆಕ್ಷೇಪ ಗಂಭೀರವಾದದ್ದು. ಎಲ್ಲರನ್ನೂ ಒಳಗೊಳ್ಳಲು ಹೊರಟರೆ ವಿಶ್ವಾಸದ ತಿರುಳು ತೆಳುವಾಗುವುದಿಲ್ಲವೇ? ಸಂಸ್ಕಾರಗಳಿಗೆ, ತ್ರಿತ್ವಕ್ಕೆ ಇರುವ ಗಂಟೆಗಳೇ ಸಾಲದಿರುವಾಗ ಕಾದಂಬರಿಗೂ ಸುಲ್ತಾನನ ಪತ್ರಗಳಿಗೂ ಜಾಗವೆಲ್ಲಿ? ನಾವು ಗಂಟೆಗಳನ್ನು ಹೆಚ್ಚಿಸಲು ಕೇಳುತ್ತಿಲ್ಲ. ಸಂಸ್ಕಾರಗಳ ಅಧ್ಯಾಪಕರು ‘ಪ್ರಸಾದ’ದಿಂದ ಆರಂಭಿಸಲಿ, ಸುವಾರ್ತಾಪ್ರಸಾರದವರು ಜೀವರತ್ನಯ್ಯನನ್ನು ಎದುರಿಸಲಿ, ಇತಿಹಾಸದವರು 1784ನ್ನೂ 1791ನ್ನೂ ಒಟ್ಟಿಗೆ ಬೋಧಿಸಲಿ, ಕ್ರಿಸ್ತಶಾಸ್ತ್ರದವರು ನಿರ್ಮಲ್ ಅವರಿಗೆ ಉತ್ತರಿಸಲಿ. ಆಗ ತಿರುಳು ತೆಳುವಾಗುವುದಿಲ್ಲ, ಬೇರು ಬಿಡುತ್ತದೆ. ಕ್ರಿಸ್ತನೊಬ್ಬನೇ ರಕ್ಷಕನೆಂದು ಸಾರುವ ಧರ್ಮಸಭೆ ಆ ಸಾರುವಿಕೆಯನ್ನು ಯಾರ ಮುಂದೆ, ಯಾವ ಮಾತಿನಲ್ಲಿ ಮಾಡುತ್ತಿದ್ದೇನೆಂದು ತಿಳಿದಿರಬೇಕಾದದ್ದು ಸೌಜನ್ಯದ ಮಾತಲ್ಲ, ಸತ್ಯದ ಮಾತು.

ಇದರ ಜೊತೆಗೆ ಮೂರು ಕಾರ್ಯಸಾಧ್ಯ ಸಲಹೆಗಳು. ಮೊದಲನೆಯದು, ದೈವಶಾಸ್ತ್ರದ ಪರೀಕ್ಷೆಗಳಿಗೂ ಪ್ರಬಂಧಗಳಿಗೂ ಕನ್ನಡದಲ್ಲಿ ಉತ್ತರಿಸುವ ಆಯ್ಕೆ ಎಲ್ಲ ಪತ್ರಿಕೆಗಳಲ್ಲೂ ದೊರೆಯಲಿ, ಮೌಲ್ಯಮಾಪನ ಮಾಡಬಲ್ಲ ಅಧ್ಯಾಪಕರನ್ನು ಸಂಸ್ಥೆಗಳು ಬೆಳೆಸಲಿ. ಎರಡನೆಯದು, ಪರಧರ್ಮವನ್ನು ಆ ಧರ್ಮದವರಿಂದಲೇ ಕಲಿಯುವ ಏರ್ಪಾಡಾಗಲಿ. ಶೃಂಗೇರಿಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಪರಿಸರವೇ ಇದೆ. ಅಲ್ಲಿನ ವೇದಾಂತದ ಅಧ್ಯಾಪಕರೊಬ್ಬರು ನಮ್ಮ ತರಗತಿಗೆ ಬಂದು, ನಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಒಂದು ವಾರ ಕಳೆದರೆ ಹತ್ತು ಕೈಪಿಡಿಗಳಿಗಿಂತ ಹೆಚ್ಚು ಫಲವಾದೀತು. ಮೂರನೆಯದು, ಪಠ್ಯಕ್ರಮ ಸಮಿತಿಯಲ್ಲಿ ಅಂಚಿನವರು ಅತಿಥಿಗಳಾಗಿ ಅಲ್ಲ, ಸದಸ್ಯರಾಗಿ ಕುಳಿತುಕೊಳ್ಳಲಿ. ಈ ಮೂರರಲ್ಲಿ ಮೂರನೆಯದೇ ಕಠಿಣ, ಏಕೆಂದರೆ ಅದು ಸೌಟನ್ನು ಕೇಳುತ್ತದೆ.

ಭಾರತದ ಗುರುಮಠಗಳನ್ನು ಕುರಿತು 1893ರಲ್ಲಿ ‘ಆದ್ ಎಕ್ಸ್‌ತ್ರೇಮಾಸ್’ ಪತ್ರವನ್ನು ಬರೆದ ಹದಿಮೂರನೆಯ ಲಿಯೋ ಜಗದ್ಗುರುಗಳು, ಭಾರತದ ರಕ್ಷಣೆಯ ಸೇವಕರು ಭಾರತದ ಮಕ್ಕಳೇ ಆಗಬೇಕೆಂದು ಬಯಸಿದರು. ಆ ಆಶಯದ ಅರ್ಧ ಈಡೇರಿದೆ: ಗುರುಮಠಗಳಲ್ಲಿ ಓದುವವರೂ ಓದಿಸುವವರೂ ಈ ನಾಡಿನ ಮಕ್ಕಳು. ಉಳಿದ ಅರ್ಧ ಪಠ್ಯಕ್ರಮದಲ್ಲಿದೆ. ಅದರಲ್ಲಿ ಎಡೇಹಳ್ಳಿಯ ಲೈನುಮನೆಯ ಮಾತು, ತುಂಗಾತೀರದ ಪತ್ರಗಳು, ಹಿರೇಕೊಡಿಗೆಯ ಕವಿಯ ಪ್ರಶ್ನೆ, ಬಾಳಗಡಿಯ ಹುಡುಗಿಯ ಹಕ್ಕು ಇವು ಪಾಠವಾಗುವವರೆಗೆ ನಾವು ಮಲೆನಾಡಿಗೆ ಕಳುಹಿಸುವ ಯಾಜಕನು ಆ ನಾಡಿನಲ್ಲಿ ಹುಟ್ಟಿದವನಾಗಿದ್ದರೂ ಹೊರಗಿನವನಾಗಿಯೇ ಅಲ್ಲಿಗೆ ತಲುಪುತ್ತಾನೆ.